ಗೇಟಿನ ಬಳಿಯ ಮುಖ ರಾತ್ರಿ ಎರಡೂವರೆಗೂ ಕಾಣಬೇಕಾದರೆ

ನಮ್ಮ ಬೀದಿಯಲ್ಲಿ ಗೇಟಿನ ಹೊರಗೆ ನಿಲ್ಲಿಸಿದ್ದ ಸ್ಕೂಟರೊಂದು ಕಳುವಾದ ಮರುದಿನ ಬೆಳಿಗ್ಗೆ ನಾಲ್ಕು ಮನೆಗಳವರು ಸೇರಿ ನಮ್ಮ ನಮ್ಮ ಸಿಸಿ ಕ್ಯಾಮೆರಾಗಳ ದೃಶ್ಯಗಳನ್ನು ಒಂದೊಂದಾಗಿ ತೆರೆದು ನೋಡಿದೆವು. ಮೊದಲನೆಯದರಲ್ಲಿ ಒಬ್ಬ ಮನುಷ್ಯ ನಡೆದು ಬರುವುದು ಕಾಣುತ್ತದೆ, ಆದರೆ ಮುಖವಿರಬೇಕಾದ ಜಾಗದಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದ ಹಾಗಿರುವ ಬೂದು ಮಚ್ಚೆ ಮಾತ್ರ ಇದೆ. ಎರಡನೆಯದರಲ್ಲಿ ಅದೇ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿ ಕಣ್ಣು, ಮೂಗು ಎಲ್ಲವೂ ಅಳಿಸಿಹೋಗಿವೆ. ಮೂರನೆಯ ಕ್ಯಾಮೆರಾ ತನ್ನ ಗಾಜಿನ ಮುಂದೆ ಹರಡಿದ್ದ ಜೇಡರ ಬಲೆಯನ್ನೇ ಇಡೀ ರಾತ್ರಿ ದಾಖಲಿಸಿತ್ತು. ನಾಲ್ಕನೆಯದರಲ್ಲಿ ಕಳ್ಳರು ಬಂದ ಬೈಕಿನ ನಂಬರ್ ಪ್ಲೇಟು ಹೊಳೆಯುವ ಬಿಳಿ ತುಂಡಾಗಿತ್ತು, ಒಂದು ಅಂಕಿಯನ್ನೂ ಓದಲಾಗಲಿಲ್ಲ. ಹಗಲಿನಲ್ಲಿ ಇದೇ ನಾಲ್ಕು ಕ್ಯಾಮೆರಾಗಳು ಎದುರು ಮನೆಯ ರಂಗೋಲಿಯ ಎಳೆಗಳನ್ನು ಎಣಿಸುವಷ್ಟು ಸ್ಪಷ್ಟವಾಗಿ ತೋರಿಸುತ್ತವೆ, ಮತ್ತು ನಾಲ್ಕರ ಡಬ್ಬಿಯ ಮೇಲೂ ನೈಟ್ ವಿಷನ್ ಎಂದು ದೊಡ್ಡದಾಗಿ ಅಚ್ಚಾಗಿತ್ತು.

ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ತೋರಿಸುವ ಚಿತ್ರವನ್ನು ನೋಡಿ ನಾವು ಕ್ಯಾಮೆರಾ ಕೊಳ್ಳುತ್ತೇವೆ, ಅದರ ನಿಜವಾದ ಕೆಲಸ ಶುರುವಾಗುವುದು ಬೀದಿಯೆಲ್ಲ ಮಲಗಿದ ಮೇಲೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಎಲೆಕ್ಟ್ರಿಕಲ್ ಅಂಗಡಿಯವರೆಗೆ ಗಿರಾಕಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಮೆಗಾಪಿಕ್ಸೆಲ್?’, ಅಂದರೆ ಚಿತ್ರದಲ್ಲಿ ಎಷ್ಟು ದಶಲಕ್ಷ ಬಿಂದುಗಳು, ಎಂಬುದೇ ಆಗಿರುತ್ತದೆ. ಕತ್ತಲಿನ ಮಟ್ಟಿಗೆ ಇದಕ್ಕಿಂತ ದಾರಿ ತಪ್ಪಿಸುವ ಪ್ರಶ್ನೆ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ರಾತ್ರಿಯ ಚಿತ್ರವೆಂದರೆ ಬೆಳಕಿನ ಲೆಕ್ಕ. ಸೆಕೆಂಡಿನ ಒಂದು ಚಿಕ್ಕ ಭಾಗದಲ್ಲಿ, ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಚಿಪ್ ಆದ ಸೆನ್ಸರ್‌ನ ಪ್ರತಿ ಬಿಂದುವಿಗೆ ಎಷ್ಟು ಬೆಳಕು ತಲುಪುತ್ತದೆ ಎಂಬುದರ ಮೇಲೆ ಮಿಕ್ಕಿದ್ದೆಲ್ಲ ನಿಂತಿದೆ.

ಬೆಳಕನ್ನು ಅಳೆಯುವ ಮಾನ ಲಕ್ಸ್. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಸುಮಾರು 1,00,000 ಲಕ್ಸ್ ಇರುತ್ತದೆ, ಚೆನ್ನಾಗಿ ದೀಪ ಹಾಕಿದ ಕಚೇರಿಯಲ್ಲಿ 300ರಿಂದ 500, ಬೀದಿದೀಪದ ಕೆಳಗೆ ಹತ್ತರ ಆಸುಪಾಸು, ಹುಣ್ಣಿಮೆಯ ಬೆಳದಿಂಗಳಲ್ಲಿ 0.1ರಿಂದ 0.3, ಮೋಡವಿಲ್ಲದ ಅಮಾವಾಸ್ಯೆಯ ನಕ್ಷತ್ರಗಳ ಬೆಳಕಿನಲ್ಲಿ 0.001ರಷ್ಟು. ಬಿಸಿಲಿಗೂ ಬೀದಿದೀಪಕ್ಕೂ ಹತ್ತು ಸಾವಿರ ಪಟ್ಟು ಅಂತರವಿದೆ. ನಮ್ಮ ಕಣ್ಣು ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಕತ್ತಲಿಗೆ ಒಗ್ಗಿಕೊಳ್ಳುವುದರಿಂದ ಈ ಅಂತರದ ಅಗಾಧತೆ ನಮಗೆ ಗೊತ್ತಾಗುವುದೇ ಇಲ್ಲ, ‘ಬೀದಿದೀಪ ಇದೆಯಲ್ಲ, ಸಾಕು’ ಎಂದುಕೊಳ್ಳುತ್ತೇವೆ. ಊರಿಂದ ಊರಿಗೂ ಈ ಲೆಕ್ಕ ಬದಲಾಗುತ್ತದೆ. ಬೆಂಗಳೂರಿನಲ್ಲಿ ಮೋಡ ಕವಿದ ರಾತ್ರಿ ಆಕಾಶವೇ ನಗರದ ದೀಪಗಳ ಬೆಳಕನ್ನು ಮರಳಿ ಕೆಳಗೆ ಚೆಲ್ಲುವುದರಿಂದ ಅಲ್ಲಿ ನಿಜವಾದ ಅಮಾವಾಸ್ಯೆಯೇ ಇಲ್ಲ, ತೀರ್ಥಹಳ್ಳಿಯ ಕಡೆಯ ತೋಟದ ಮನೆಯ ಅಂಗಳದಲ್ಲಾದರೋ ಮೋಡ ಕವಿದರೆ ಕೈಯಳತೆಯ ಕಂಬವೂ ಕಾಣುವುದಿಲ್ಲ. ನಗರದ ನೆಂಟರ ಮನೆಯಲ್ಲಿ ಚೆನ್ನಾಗಿ ಕಾಣುವ ಕ್ಯಾಮೆರಾವನ್ನು ಊರಿಗೆ ತಂದು ಹಾಕಿ ನಿರಾಶರಾದವರು ಅನೇಕರಿದ್ದಾರೆ. ಅದರಲ್ಲಿ ಕ್ಯಾಮೆರಾದ ತಪ್ಪೇನೂ ಇರುವುದಿಲ್ಲ.

ಬೆಳಕು ಕಡಿಮೆಯಾದಾಗ ಚಿತ್ರ ಕೇವಲ ಕಪ್ಪಾಗುವುದಿಲ್ಲ, ಕೆಡುತ್ತದೆ. ಬೆಳಕು ಕಣಗಳಾಗಿ ಬರುತ್ತದೆ, ಮತ್ತು ಆ ಕಣಗಳು ಮಳೆಹನಿಗಳಂತೆ ಏರುಪೇರಾಗಿ ಬೀಳುತ್ತವೆ. ಒಂದು ಬಿಂದುವಿಗೆ ಸರಾಸರಿ 10,000 ಕಣಗಳು ಬೀಳುವಾಗ ಏರುಪೇರು 100ರಷ್ಟು, ಅಂದರೆ ಶೇಕಡಾ ಒಂದು. ಅದೇ ಬಿಂದುವಿಗೆ 100 ಕಣಗಳಷ್ಟೇ ಬಿದ್ದರೆ ಏರುಪೇರು 10, ಅಂದರೆ ಶೇಕಡಾ ಹತ್ತು. ರಾತ್ರಿಯ ದೃಶ್ಯದಲ್ಲಿ ಇರುವೆಗಳು ಹರಿದಾಡಿದಂತೆ ಕಾಣುವ ಆ ಗದ್ದಲ, ತಂತ್ರಜ್ಞರು ನಾಯ್ಸ್ ಎನ್ನುವುದು, ಬಹುಮಟ್ಟಿಗೆ ಇದೇ. ಹೀಗಿರುವಾಗ ಸೂರಿನ ಕೆಳಗೆ ಮಳೆನೀರಿಗೆ ಒಂದು ದೊಡ್ಡ ಹಂಡೆಯನ್ನಿಟ್ಟರೆ ಏನಾಗುತ್ತದೆ, ಅದೇ ಜಾಗದಲ್ಲಿ ನಾಲ್ಕು ಚೊಂಬುಗಳನ್ನಿಟ್ಟರೆ ಏನಾಗುತ್ತದೆ ಎಂದು ಯೋಚಿಸಿ. ಒಟ್ಟು ನೀರು ಅಷ್ಟೇ, ಆದರೆ ಒಂದೊಂದು ಚೊಂಬಿಗೆ ಸಿಗುವುದು ಕಾಲು ಭಾಗ.

ಮೆಗಾಪಿಕ್ಸೆಲ್‌ನ ಸಮಸ್ಯೆ ಇಲ್ಲಿದೆ. ಸೋನಿ ಕಂಪನಿಯ ಸ್ಟಾರ್ವಿಸ್ ಸರಣಿಯ ಸೆನ್ಸರ್‌ಗಳು ಕಾವಲು ಕ್ಯಾಮೆರಾಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿವೆ. ಆ ಸರಣಿಯ ಐಎಂಎಕ್ಸ್ 327 ಎಂಬುದು 2 ಮೆಗಾಪಿಕ್ಸೆಲ್‌ನದು, ಐಎಂಎಕ್ಸ್ 415 ಎಂಬುದು 8 ಮೆಗಾಪಿಕ್ಸೆಲ್‌ನದು, ಎರಡರ ಗಾತ್ರವೂ 1/2.8 ಇಂಚು ಎಂಬ ವರ್ಗಕ್ಕೆ ಸೇರಿದೆ. ಮೊದಲನೆಯದರಲ್ಲಿ ಒಂದು ಬಿಂದುವಿನ ಅಗಲ 2.9 ಮೈಕ್ರಾನ್, ಎರಡನೆಯದರಲ್ಲಿ 1.45 ಮೈಕ್ರಾನ್. ಅಗಲ ಅರ್ಧವಾದರೆ ವಿಸ್ತೀರ್ಣ ಕಾಲಾಗುತ್ತದೆ. ಹಗಲಿನಲ್ಲಿ 8 ಮೆಗಾಪಿಕ್ಸೆಲ್ ಗೆಲ್ಲುತ್ತದೆ ಎಂಬುದರಲ್ಲಿ ಸಂಶಯವಿಲ್ಲ, ಆದರೆ ಕತ್ತಲಿನಲ್ಲಿ ಅದೇ ಗಾತ್ರದ 2 ಮೆಗಾಪಿಕ್ಸೆಲ್ ಸೆನ್ಸರ್ ಹೆಚ್ಚು ಶುದ್ಧವಾದ ಚಿತ್ರ ಕೊಡುವುದು ಸಾಮಾನ್ಯ. ನಾಲ್ಕು ಚಿಕ್ಕ ಬಿಂದುಗಳನ್ನು ಕೂಡಿಸಿ ಒಂದು ಮಾಡಿಕೊಳ್ಳುವ ಉಪಾಯ ಇದೆ ನಿಜ, ಆದರೆ ಹಾಗೆ ಕೂಡಿಸಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದೂ 2 ಮೆಗಾಪಿಕ್ಸೆಲ್‌ನ ವಿವರವೇ. ಹೆಚ್ಚು ಮೆಗಾಪಿಕ್ಸೆಲ್ ಬೇಕೇ ಬೇಕು ಎನ್ನುವವರು ಸೆನ್ಸರ್‌ನ ಗಾತ್ರವೂ ಜೊತೆಗೇ ದೊಡ್ಡದಾಗಿರುವುದನ್ನು ನೋಡಿಕೊಳ್ಳಬೇಕು. ಈ ಇಂಚಿನ ಲೆಕ್ಕ ಹಳೆಯ ನಿರ್ವಾತ ಕೊಳವೆಗಳ ಕಾಲದಿಂದ ಬಂದ ಹೆಸರಷ್ಟೇ ಆದ್ದರಿಂದ ಅದನ್ನು ಅಳತೆಪಟ್ಟಿಯಲ್ಲಿ ಹುಡುಕಿ ಫಲವಿಲ್ಲ. 1/2.8 ಇಂಚಿನ ಸೆನ್ಸರ್‌ನ ಕರ್ಣ ಸುಮಾರು 6.5 ಮಿಲಿಮೀಟರ್, 1/1.8 ಇಂಚಿನದು ಸುಮಾರು 9 ಮಿಲಿಮೀಟರ್, ಮತ್ತು ವಿಸ್ತೀರ್ಣದಲ್ಲಿ ಎರಡನೆಯದು ಮೊದಲನೆಯದರ ಹತ್ತಿರ ಹತ್ತಿರ ಎರಡರಷ್ಟು. ಭಿನ್ನರಾಶಿಯ ಕೆಳಗಿನ ಅಂಕಿ ಚಿಕ್ಕದಾದಷ್ಟೂ ಸೆನ್ಸರ್ ದೊಡ್ಡದು ಎಂಬುದನ್ನು ನೆನಪಿಟ್ಟರೆ ಸಾಕು.

ಸೆನ್ಸರ್‌ಗೆ ಬೆಳಕು ಬಿಡುವ ಕಿಂಡಿ ಲೆನ್ಸಿನ ಅಪರ್ಚರ್. ಅದನ್ನು ಎಫ್ 1.0, ಎಫ್ 1.6, ಎಫ್ 2.0 ಎಂದು ಸೂಚಿಸುತ್ತಾರೆ, ಇಲ್ಲಿಯೂ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 2.0ರ ಲೆನ್ಸಿಗಿಂತ ಎಫ್ 1.0ರ ಲೆನ್ಸು ನಾಲ್ಕು ಪಟ್ಟು, ಎಫ್ 1.6ಕ್ಕಿಂತ ಸುಮಾರು ಎರಡೂವರೆ ಪಟ್ಟು ಬೆಳಕು ಬಿಡುತ್ತದೆ. ರಾತ್ರಿಯೂ ಬಣ್ಣದ ಚಿತ್ರ ಕೊಡುವುದಾಗಿ ಹೇಳಿಕೊಳ್ಳುವ ಕ್ಯಾಮೆರಾಗಳಲ್ಲಿ ಎಫ್ 1.0 ಲೆನ್ಸ್ ಬಳಸುವುದು ಇದೇ ಕಾರಣಕ್ಕೆ. ಇದಕ್ಕೊಂದು ಬೆಲೆಯೂ ಇದೆ. ಅಷ್ಟು ದೊಡ್ಡ ಕಿಂಡಿಯ ಲೆನ್ಸಿನಲ್ಲಿ ಫೋಕಸ್ ಹಿಡಿಯುವ ಆಳ ಕಡಿಮೆಯಾಗುವುದರಿಂದ ಕ್ಯಾಮೆರಾದ ತೀರಾ ಹತ್ತಿರ ಬಂದು ನಿಂತವರ ಮುಖ ಸ್ವಲ್ಪ ಮಸುಕಾಗಬಹುದು. ಬಾಗಿಲಿಗೆ ಅಂಟಿದಂತೆ ಕೂರಿಸುವ ಕ್ಯಾಮೆರಾಗೆ ಅದು ತಕ್ಕುದಲ್ಲ.

ಇನ್ನು ಮೂರನೆಯದು ಕಾಲ, ಅಂದರೆ ಷಟರ್ ತೆರೆದಿರುವ ಹೊತ್ತು. ಮೋಸ ಹೆಚ್ಚಾಗಿ ನಡೆಯುವುದು ಇಲ್ಲಿ. ಬೆಳಕು ಸಾಲದಾದಾಗ ಕ್ಯಾಮೆರಾ ತಾನಾಗಿ ಷಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಆಗ ಖಾಲಿ ಅಂಗಳ, ನಿಂತ ಕಾರು, ತುಳಸಿಕಟ್ಟೆ ಎಲ್ಲವೂ ಹಗಲಿನಂತೆ ಬೆಳಗಿ ಕಾಣುತ್ತವೆ. ಜಾಹೀರಾತಿನಲ್ಲಿ ತೋರಿಸುವುದು ಇಂಥ ಅಲುಗಾಡದ ದೃಶ್ಯವನ್ನೇ. ಸಾಧಾರಣವಾಗಿ ನಡೆಯುವ ಮನುಷ್ಯ ಸೆಕೆಂಡಿಗೆ 1.4 ಮೀಟರ್ ಸಾಗುತ್ತಾನೆ. ಷಟರ್ ಸೆಕೆಂಡಿನ 25ನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಅವನು ಐದೂವರೆ ಸೆಂಟಿಮೀಟರ್ ಸರಿದಿರುತ್ತಾನೆ, 12ನೇ ಒಂದು ಭಾಗ ತೆರೆದಿದ್ದರೆ ಸುಮಾರು ಹನ್ನೆರಡು ಸೆಂಟಿಮೀಟರ್. ಮನುಷ್ಯನ ಮುಖದ ಅಗಲವೇ ಹದಿನೈದು ಸೆಂಟಿಮೀಟರಿನಷ್ಟು. ನಮ್ಮ ಬೀದಿಯ ಮೊದಲನೆಯ ಕ್ಯಾಮೆರಾದಲ್ಲಿ ಕಂಡ ಒರೆಸಿದ ಮುಖದ ರಹಸ್ಯ ಇದೇ: ಅಂಗಳ ಬೆಳಗಿತ್ತು, ಕಳ್ಳ ಕರಗಿಹೋಗಿದ್ದ. ಇದರ ಮೇಲೆ ನಾಯ್ಸ್ ಅಳಿಸುವ ತಂತ್ರಾಂಶವು ಹಿಂದಿನ ಮುಂದಿನ ಚಿತ್ರಗಳನ್ನು ಬೆರೆಸಿ ನಯಗೊಳಿಸಲು ಹೋದಾಗ ನಡೆಯುವವನ ಹಿಂದೆ ನೆರಳಿನ ಬಾಲವೊಂದು ಎಳೆದುಕೊಳ್ಳುತ್ತದೆ. ಆದ್ದರಿಂದ ಯಾವುದೇ ಕ್ಯಾಮೆರಾದ ರಾತ್ರಿಯ ಮಾದರಿ ದೃಶ್ಯವನ್ನು ಕೇಳುವಾಗ ನಡೆದಾಡುವ ಮನುಷ್ಯನಿರುವ ದೃಶ್ಯವನ್ನೇ ಕೇಳಬೇಕು, ಮತ್ತು ಅದನ್ನು ಮಧ್ಯದಲ್ಲಿ ನಿಲ್ಲಿಸಿ ನೋಡಬೇಕು. ಕೊಂಡ ಮೇಲೆ ಷಟರನ್ನು ಕನಿಷ್ಠ 50ನೇ ಒಂದು ಭಾಗಕ್ಕೆ ನಿಗದಿ ಮಾಡಿ ನೋಡುವುದು ಒಳ್ಳೆಯದು. ನಮ್ಮ ವಿದ್ಯುತ್ತು 50 ಹರ್ಟ್ಸಿನದಾಗಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ 50 ಅಥವಾ 100ರ ಭಾಗದಲ್ಲಿ ಚಿತ್ರ ಹೊಯ್ದಾಡುವುದೂ ಇಲ್ಲ. ಚಿತ್ರ ತುಸು ಕಪ್ಪಾಗುತ್ತದೆ, ಆದರೆ ಮುಖ ಮುಖವಾಗಿ ಉಳಿಯುತ್ತದೆ.

ಡಬ್ಬಿಯ ಮೇಲೆ ಮುದ್ರಿಸುವ ‘0.005 ಲಕ್ಸ್’ ಮಾದರಿಯ ಅಂಕಿಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಆ ಬೆಳಕಿನಲ್ಲಿ ಷಟರ್ ಎಷ್ಟು ಹೊತ್ತು ತೆರೆದಿತ್ತು, ಸಂಕೇತವನ್ನು ವಿದ್ಯುನ್ಮಾನವಾಗಿ ಎಷ್ಟು ಹಿಗ್ಗಿಸಲಾಗಿತ್ತು, ಚಿತ್ರದ ಹೊಳಪು ಯಾವ ಮಟ್ಟಕ್ಕೆ ಬಂದರೆ ‘ಕಾಣುತ್ತದೆ’ ಎಂದು ಒಪ್ಪಲಾಯಿತು ಎಂಬುದನ್ನು ಹೇಳದ ಹೊರತು ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕದಲ್ಲಿಡಲಾಗದು. ‘0 ಲಕ್ಸ್’ ಎಂದಿದ್ದರೆ ಅದು ಕ್ಯಾಮೆರಾದ ಸ್ವಂತ ದೀಪ ಹತ್ತಿದಾಗಿನ ಮಾತು, ಸೆನ್ಸರ್‌ನ ಸಾಮರ್ಥ್ಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಆ ಸ್ವಂತ ದೀಪ ಸಾಮಾನ್ಯವಾಗಿ ಅವಗೆಂಪು ಬೆಳಕಿನದು, ಅಂಗಡಿಯವರು ಐಆರ್ ಎನ್ನುವುದು. ಹಗಲಿನಲ್ಲಿ ಬಣ್ಣಗಳು ಕೆಡದಿರಲೆಂದು ಸೆನ್ಸರ್‌ನ ಮುಂದೆ ಅವಗೆಂಪನ್ನು ತಡೆಯುವ ಸೋಸುಗಾಜು ಇರುತ್ತದೆ. ಕತ್ತಲಾದಾಗ ಅದು ಬದಿಗೆ ಸರಿದು, ದೀಪಗಳು ಹತ್ತಿ, ಚಿತ್ರ ಕಪ್ಪುಬಿಳುಪಾಗುತ್ತದೆ. ಮುಸ್ಸಂಜೆಯಲ್ಲಿ ಕ್ಯಾಮೆರಾದಿಂದ ಕೇಳುವ ‘ಟಿಕ್’ ಎಂಬ ಸದ್ದು ಅದರದ್ದೇ. 850 ನ್ಯಾನೋಮೀಟರಿನ ದೀಪಗಳು ಕಣ್ಣಿಗೆ ಮಂದವಾದ ಕೆಂಪು ಕೆಂಡಗಳಂತೆ ಕಾಣುತ್ತವೆ, 940 ನ್ಯಾನೋಮೀಟರಿನವು ಕಾಣುವುದೇ ಇಲ್ಲ. ಆದರೆ ಸೆನ್ಸರ್‌ಗಳು 940ಕ್ಕೆ ಕಡಿಮೆ ಸ್ಪಂದಿಸುವುದರಿಂದ ಅಷ್ಟೇ ಶಕ್ತಿಯ ದೀಪದ ವ್ಯಾಪ್ತಿ ಕುಗ್ಗುತ್ತದೆ. ಮನೆಗೆ 850 ಸಾಕು, ಕ್ಯಾಮೆರಾ ಇದೆ ಎಂದು ಬಂದವರಿಗೆ ಗೊತ್ತಾದರೆ ನಷ್ಟವೇನೂ ಇಲ್ಲ.

ಅವಗೆಂಪಿನ ದೊಡ್ಡ ತೊಡಕು ಅದು ಕ್ಯಾಮೆರಾದ ಪಕ್ಕದಿಂದಲೇ ಹೊರಡುತ್ತದೆ ಎಂಬುದು. ದೂರ ಹತ್ತು ಪಟ್ಟಾದರೆ ಬೆಳಕು ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಆದ್ದರಿಂದ ಮೂವತ್ತು ಮೀಟರ್ ದೂರಕ್ಕೆ ಸಾಕಾಗುವಷ್ಟು ದೀಪ ಉರಿಸಿದರೆ ಮೂರು ಮೀಟರಿನಲ್ಲಿ ನಿಂತವನ ಮುಖ ಸುಟ್ಟಂತೆ ಬೆಳ್ಳಗಾಗುತ್ತದೆ. ನಮ್ಮ ಎರಡನೆಯ ಕ್ಯಾಮೆರಾದಲ್ಲಿ ಆದದ್ದು ಇದು. ಹತ್ತಿರದ ವಸ್ತುವನ್ನು ಕಂಡಾಗ ದೀಪವನ್ನು ತಗ್ಗಿಸುವ ಸ್ಮಾರ್ಟ್ ಐಆರ್ ವ್ಯವಸ್ಥೆ ಇದ್ದರೆ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ, ಅದು ಇದೆಯೇ ಎಂದು ಕೇಳಿಯೇ ಕೊಳ್ಳಬೇಕು. ಕ್ಯಾಮೆರಾವನ್ನು ಸಜ್ಜೆಯ ಬುಡಕ್ಕೆ ತಾಗಿಸಿ, ಸುಣ್ಣ ಬಳಿದ ಗೋಡೆಗೆ ಒತ್ತಿ ಕೂರಿಸಿದಾಗಲೂ ಹೀಗೆಯೇ. ಗೋಡೆಯಿಂದ ಮರಳುವ ಬೆಳಕಿಗೆ ಕ್ಯಾಮೆರಾ ತನ್ನನ್ನು ಹೊಂದಿಸಿಕೊಂಡು ಅಂಗಳವನ್ನು ಕತ್ತಲೆಯಲ್ಲೇ ಬಿಟ್ಟುಬಿಡುತ್ತದೆ. ಮನೆಯೊಳಗಿನ ವೈಫೈ ಕ್ಯಾಮೆರಾವನ್ನು ಕಿಟಕಿಯ ಗಾಜಿನ ಹಿಂದಿಟ್ಟು ಬೀದಿ ನೋಡುವವರಿಗೆ ರಾತ್ರಿ ಕಾಣುವುದು ಗಾಜಿನಲ್ಲಿ ಪ್ರತಿಫಲಿಸಿದ ಅದರದೇ ದೀಪಗಳು.

ಕಪ್ಪುಬಿಳುಪಿನ ಚಿತ್ರ ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸುತ್ತದೆ. ಅನೇಕ ಕೃತಕ ಬಣ್ಣಗಳು ಅವಗೆಂಪನ್ನು ಹೀರಿಕೊಳ್ಳದೆ ಮರಳಿಸುವುದರಿಂದ ಕಡುಗಪ್ಪು ಜಾಕೆಟ್ಟು ಕ್ಯಾಮೆರಾದಲ್ಲಿ ತಿಳಿಬೂದಾಗಿ, ಕೆಲವೊಮ್ಮೆ ಬೆಳ್ಳಗೇ ಕಾಣುತ್ತದೆ. ‘ಬಿಳಿ ಅಂಗಿ ತೊಟ್ಟಿದ್ದ’ ಎಂದು ಠಾಣೆಯಲ್ಲಿ ಹೇಳಿ ಬರುವ ಮುನ್ನ ಇದು ನೆನಪಿರಬೇಕು. ನಂಬರ್ ಪ್ಲೇಟಿನ ಕಥೆ ಇದಕ್ಕೆ ತಿರುವುಮುರುವು. ಎಚ್‌ಎಸ್‌ಆರ್‌ಪಿ ಎಂದು ಈಗ ಎಲ್ಲರೂ ಬಲ್ಲ ನೋಂದಣಿ ಫಲಕದ ಮೇಲ್ಮೈ ಬಂದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವಂತಹದು, ದೀಪ ಕ್ಯಾಮೆರಾದ ಪಕ್ಕದಲ್ಲೇ ಇರುವುದರಿಂದ ಆ ಬೆಳಕೆಲ್ಲ ನೇರವಾಗಿ ಲೆನ್ಸಿಗೇ ಬಡಿಯುತ್ತದೆ. ಫಲಕವನ್ನು ಓದಬೇಕಾದರೆ ಷಟರನ್ನು 500ನೇ ಒಂದು ಭಾಗಕ್ಕೋ ಇನ್ನೂ ವೇಗಕ್ಕೋ ಇಟ್ಟು, ದೂರವನ್ನು ಹತ್ತಿರ ತರುವ ಲೆನ್ಸ್ ಹಾಕಿ, ಗಾಡಿಗಳು ಸಾಗುವ ದಿಕ್ಕಿಗೆ ಹೆಚ್ಚು ಓರೆಯಾಗದಂತೆ ನಿಲ್ಲಿಸಬೇಕು. ಆಗ ಫಲಕವೊಂದನ್ನು ಬಿಟ್ಟು ಉಳಿದ ದೃಶ್ಯವೆಲ್ಲ ಕಪ್ಪಾಗುತ್ತದೆ. ಮುಖವನ್ನೂ ಫಲಕವನ್ನೂ ರಾತ್ರಿ ಒಂದೇ ಕ್ಯಾಮೆರಾದಲ್ಲಿ ಹಿಡಿಯುತ್ತೇವೆ ಎನ್ನುವ ಮಾತನ್ನು ನಂಬದಿರುವುದು ಲೇಸು.

ರಾತ್ರಿಯಿಡೀ ಬಣ್ಣದ ಚಿತ್ರ ಕೊಡುವ ಕ್ಯಾಮೆರಾಗಳು ದೊಡ್ಡ ಕಿಂಡಿಯ ಲೆನ್ಸಿನ ಜೊತೆಗೆ ಬಿಳಿಯ ದೀಪವನ್ನೂ ಇಟ್ಟುಕೊಂಡಿರುತ್ತವೆ. ಅಂಗಿಯ ಬಣ್ಣ, ಗಾಡಿಯ ಬಣ್ಣ ದಾಖಲಾಗುವುದು ಗುರುತು ಹಿಡಿಯಲು ದೊಡ್ಡ ಸಹಾಯವೇ. ಆದರೆ ಆ ದೀಪಕ್ಕೆ ಹುಳುಗಳು ಮುತ್ತುತ್ತವೆ, ಹುಳುಗಳನ್ನು ಹುಡುಕಿಕೊಂಡು ಜೇಡ ಬರುತ್ತದೆ, ಹಲ್ಲಿ ಬರುತ್ತದೆ. ಮುಂಗಾರಿನ ಮೊದಲ ಮಳೆಯ ಸಂಜೆ ಈಸೆಲು ಹುಳುಗಳು ಏಳುವ ಊರುಗಳಲ್ಲಿ ಇದರ ತೀವ್ರತೆ ಗೊತ್ತಾಗುತ್ತದೆ, ಅಂದಿನ ರಾತ್ರಿಯ ದಾಖಲೆಯಲ್ಲಿ ಚಲನೆಯ ಎಚ್ಚರಿಕೆಗಳು ನೂರಾರು ಇರುತ್ತವೆ, ಮನುಷ್ಯನೊಬ್ಬ ಬಂದಿದ್ದರೂ ಆ ರಾಶಿಯಲ್ಲಿ ಮುಚ್ಚಿಹೋಗುತ್ತಾನೆ. ಸದಾ ಅವಗೆಂಪಿನಲ್ಲಿದ್ದು, ಮನುಷ್ಯಾಕೃತಿಯನ್ನು ಗುರುತಿಸಿದಾಗ ಮಾತ್ರ ಬಿಳಿ ದೀಪ ಹತ್ತಿಸುವ ಎರಡು ದೀಪಗಳ ಕ್ಯಾಮೆರಾಗಳು ಈಗ ಹಲವು ಕಂಪನಿಗಳಿಂದ ಬಂದಿವೆ. ಸಾಮಾನ್ಯ ಮನೆಗೆ ನಾನು ಮೊದಲು ಸೂಚಿಸುವುದು ಇವನ್ನೇ. ದೀಪ ಹತ್ತಿದೊಡನೆ ಬಂದವನು ತಲೆಯೆತ್ತಿ ಬೆಳಕಿನತ್ತ ನೋಡುವ ಸಾಧ್ಯತೆ ಹೆಚ್ಚು, ಆ ಒಂದು ಕ್ಷಣದ ಮುಖವೇ ನಮಗೆ ಬೇಕಾದದ್ದು. ಕೊಡಗು, ಚಿಕ್ಕಮಗಳೂರಿನ ಕಡೆ ಮಂಜು ದಟ್ಟವಾಗಿ ಕವಿಯುವಲ್ಲಿ ಮಾತ್ರ ಕ್ಯಾಮೆರಾಗೆ ಅಂಟಿದ ದೀಪ ಯಾವುದೇ ಆದರೂ ಮಂಜನ್ನೇ ಬೆಳಗಿಸಿ ಬಿಳಿ ಪರದೆ ಎಳೆಯುತ್ತದೆ. ಅಲ್ಲಿ ದೀಪವನ್ನು ಕ್ಯಾಮೆರಾದಿಂದ ಬೇರ್ಪಡಿಸಿ, ಕಾಣಬೇಕಾದ ಜಾಗದ ಹತ್ತಿರಕ್ಕೆ ಒಯ್ಯುವುದೊಂದೇ ಪರಿಹಾರ.

ನಿಜ ಹೇಳಬೇಕೆಂದರೆ ಎಲ್ಲ ಮನೆಗಳಲ್ಲೂ ಅದೇ ಅತ್ಯುತ್ತಮ ಪರಿಹಾರ. ಗೇಟಿನ ಕಂಬದ ಬಳಿ ಇರುವ 9 ವಾಟಿನ ಎಲ್‌ಇಡಿ ಬಲ್ಬು ಸುಮಾರು 900 ಲೂಮೆನ್ ಬೆಳಕು ಕೊಡುತ್ತದೆ ಎಂದು ಹಿಡಿದರೆ, ಮೂರು ಮೀಟರ್ ದೂರದಲ್ಲಿ ಅದು 8 ಲಕ್ಸಿನಷ್ಟಾಗುತ್ತದೆ. ಹುಣ್ಣಿಮೆಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ದಿನಕ್ಕೆ ಹನ್ನೆರಡು ಗಂಟೆ ಉರಿಸಿದರೂ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ, ಯೂನಿಟ್ಟಿಗೆ ಆರು ರೂಪಾಯಿಯೆಂದರೂ ಇಪ್ಪತ್ತು ರೂಪಾಯಿಯೊಳಗಿನ ಖರ್ಚು. ಸೆನ್ಸರ್‌ನ ಗಾತ್ರದಿಂದ ಎರಡು ಪಟ್ಟು, ಲೆನ್ಸಿನಿಂದ ಎರಡೂವರೆ ಪಟ್ಟು ಬೆಳಕು ಗಳಿಸಲು ಸಾವಿರಾರು ರೂಪಾಯಿ ಹೆಚ್ಚು ಕೊಡುವವರು ಈ ಬಲ್ಬನ್ನು ಮರೆಯುವುದು ನನಗೆ ಯಾವಾಗಲೂ ವ್ಯಥೆಯ ಸಂಗತಿ. ಬೆಳಕು ಬಂದವನ ಮುಖದ ಮೇಲೆ ಬೀಳಬೇಕು, ಬೆನ್ನಿನ ಮೇಲಲ್ಲ. ಗೇಟಿನಾಚೆ ಬೀದಿದೀಪವಿದ್ದು ಅಂಗಳ ಕತ್ತಲಾಗಿದ್ದರೆ ಒಳಬರುವವನು ಬರೀ ನೆರಳಾಗಿ ಕಾಣುತ್ತಾನೆ. ಹಳೆಯ ಸೋಡಿಯಂ ದೀಪಗಳು ಉಳಿದಿರುವ ಬೀದಿಗಳಲ್ಲಿ ಬಣ್ಣದ ಕ್ಯಾಮೆರಾಗೂ ಬಣ್ಣ ಸಿಗುವುದಿಲ್ಲ, ಆ ಹಳದಿಯಲ್ಲಿ ನೀಲಿ, ಹಸಿರು, ಬೂದು ಎಲ್ಲ ಒಂದೇ. ಬಲ್ಬನ್ನು ಲೆನ್ಸಿನಿಂದ ಒಂದೆರಡು ಮೀಟರ್ ದೂರದಲ್ಲಿ ಹಾಕಿದರೆ ಹುಳುಗಳು ಅದರ ಸುತ್ತಲೇ ಸುತ್ತಿಕೊಂಡು ಕ್ಯಾಮೆರಾವನ್ನು ಬಿಟ್ಟುಬಿಡುತ್ತವೆ.

ಎಷ್ಟು ದೂರದ ಮುಖ ಕಾಣಬೇಕು ಎಂಬುದನ್ನು ತೀರ್ಮಾನಿಸದೆ ಲೆನ್ಸ್ ಆರಿಸಲಾಗದು. ಅಂತರರಾಷ್ಟ್ರೀಯ ಐಇಸಿ 62676 ಮಾನದಂಡದ 2014ರ ಆವೃತ್ತಿಯ ಪ್ರಕಾರ ಅಪರಿಚಿತನೊಬ್ಬನನ್ನು ಖಚಿತವಾಗಿ ಗುರುತಿಸಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಬಿಂದುಗಳು ಬೇಕು, ಪರಿಚಿತನೆಂದು ಹೇಳಲು 125, ಯಾರೋ ಇದ್ದಾರೆ ಎಂದು ತಿಳಿಯಲು 25. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಬಿಂದುಗಳು, ಅಂದರೆ ಗುರುತಿಸುವ ಮಟ್ಟಕ್ಕೆ ಅದು ಆವರಿಸಬಹುದಾದ ಅಗಲ 7.7 ಮೀಟರ್ ಮಾತ್ರ. ಲೆನ್ಸಿನ ಮಿಲಿಮೀಟರ್ ಅಂಕಿ ಅದರ ಫೋಕಲ್ ದೂರ, ಅದು ದೊಡ್ಡದಾದಷ್ಟೂ ನೋಟ ಕಿರಿದಾಗಿ ದೂರದ್ದು ದೊಡ್ಡದಾಗಿ ಕಾಣುತ್ತದೆ. ಎಲ್ಲರೂ ಹಾಕಿಸುವ 2.8 ಮಿಲಿಮೀಟರಿನ ಅಗಲ ನೋಟದ ಲೆನ್ಸಿನಲ್ಲಿ ಇದು ಮೂರು, ಮೂರೂವರೆ ಮೀಟರಿಗೇ ಮುಗಿದುಹೋಗುತ್ತದೆ, 6 ಮಿಲಿಮೀಟರಿನದರಲ್ಲಿ ಸುಮಾರು 8 ಮೀಟರ್, 12 ಮಿಲಿಮೀಟರಿನದರಲ್ಲಿ 16 ಮೀಟರಿನವರೆಗೆ ಸಿಗುತ್ತದೆ. ಇವು ಹಗಲಿನ ಅಂಕಿಗಳು. ರಾತ್ರಿಗೆ ಅರ್ಧಕ್ಕೆ ಇಳಿಸಿಕೊಳ್ಳುವುದು ಕ್ಷೇಮವೆಂದು ನನ್ನ ಅನುಭವ. ಬೆಂಗಳೂರಿನ ಮೂವತ್ತು-ನಲವತ್ತರ ನಿವೇಶನದಲ್ಲಿ ಬಾಗಿಲಿನಿಂದ ಗೇಟಿಗೆ ಹತ್ತು ಅಡಿಯೂ ಇರದ ಕಡೆ 4 ಮಿಲಿಮೀಟರ್ ಸಾಲುತ್ತದೆ. ಅಡಿಕೆ ಒಣಹಾಕಿದ ವಿಶಾಲ ಅಂಗಳಕ್ಕೆ ಅದೇ ಲೆನ್ಸ್ ಹಾಕಿದರೆ ಆಚೆ ಬದಿಯಲ್ಲಿ ಚೀಲ ಹೊರುವವನು ಒಂದು ಚುಕ್ಕೆ. ಅಲ್ಲಿ ಇಡೀ ಅಂಗಳಕ್ಕೊಂದು ಅಗಲ ನೋಟದ ಕ್ಯಾಮೆರಾ, ಒಳಬರುವ ದಾರಿಗೊಂದು ಕಿರಿದಾದ ನೋಟದ ಕ್ಯಾಮೆರಾ ಹೀಗೆ ಎರಡು ಬೇಕು, ಮತ್ತು ಹಣ ಒಂದಕ್ಕೇ ಇದ್ದರೆ ಎರಡನೆಯದನ್ನು ಕೊಳ್ಳಬೇಕು. ಎತ್ತರವೂ ಮುಖ್ಯ. ಯಾರೂ ಮುರಿಯದಿರಲೆಂದು ಮೊದಲ ಮಹಡಿಯ ಸೂರಿಗೆ ಕಟ್ಟಿದ ಕ್ಯಾಮೆರಾ ಟೋಪಿಗಳನ್ನೂ ಹೆಲ್ಮೆಟ್ಟುಗಳನ್ನೂ ದಾಖಲಿಸುತ್ತದೆ. ಮುಖಕ್ಕಾಗಿ ಇಡುವುದು ಏಳೆಂಟು ಅಡಿಯ ಮೇಲೆ ಹೋಗಬಾರದು.

ಒಳ್ಳೆಯ ಚಿತ್ರ ಸೆನ್ಸರ್‌ನಿಂದ ಹೊರಟ ಮೇಲೂ ಕೆಡಬಹುದು. ದಾಖಲೆಯನ್ನು ಕುಗ್ಗಿಸುವ ಎಚ್‌.265ರಂತಹ ವಿಧಾನಗಳು ಅಲುಗಾಡದ ಭಾಗವನ್ನು ಮಿತವಾಗಿ ಬರೆದುಕೊಂಡು ಜಾಗ ಉಳಿಸುತ್ತವೆ, ರಾತ್ರಿಯ ನಾಯ್ಸ್ ಆದರೋ ಚಿತ್ರದ ಪ್ರತಿ ಬಿಂದುವನ್ನೂ ಸದಾ ಅಲುಗಿಸುತ್ತಿರುತ್ತದೆ. ಜಾಗ ಉಳಿಸಲೆಂದು ಬಿಟ್‌ರೇಟನ್ನು, ಅಂದರೆ ಸೆಕೆಂಡಿಗೆ ಬರೆಯುವ ದತ್ತಾಂಶದ ಪ್ರಮಾಣವನ್ನು, ತೀರಾ ತಗ್ಗಿಸಿಟ್ಟರೆ ಆ ಗದ್ದಲವನ್ನು ಬರೆಯುವುದರಲ್ಲೇ ಪಾಲೆಲ್ಲ ಖರ್ಚಾಗಿ ಮುಖ ಅಂಬಲಿಯಾಗುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ಟಿನ ಲೆಕ್ಕದಲ್ಲಿ ಒಂದು ಕ್ಯಾಮೆರಾಗೆ ದಿನಕ್ಕೆ 21.6 ಜಿಬಿ ಬೇಕು. 128 ಜಿಬಿಯ ಮೆಮೊರಿ ಕಾರ್ಡು ಆರು ದಿನಕ್ಕೆ ತುಂಬುತ್ತದೆ, ನಾಲ್ಕು ಕ್ಯಾಮೆರಾಗಳ 1 ಟಿಬಿ ಡಿಸ್ಕು ಹನ್ನೊಂದು ದಿನಕ್ಕೆ. ದಿನಗಳನ್ನು ಹೆಚ್ಚಿಸಲು ಚಿತ್ರ ಕೆಡಿಸುವುದಕ್ಕಿಂತ ದೊಡ್ಡ ಡಿಸ್ಕು ಹಾಕಿಸುವುದು ಮೇಲು. ಕರೆಂಟು ಹೋದ ಹೊತ್ತನ್ನೂ ಮರೆಯಬಾರದು, ಆಗ ಬೀದಿದೀಪ, ಗೇಟಿನ ಬಲ್ಬು, ರೂಟರ್ ಎಲ್ಲವೂ ಒಟ್ಟಿಗೆ ಆರುತ್ತವೆ. ಕ್ಯಾಮೆರಾ, ರೆಕಾರ್ಡರ್, ರೂಟರ್ ಮತ್ತು ಆ ಒಂದು ಬಲ್ಬನ್ನು ಇನ್ವರ್ಟರಿನ ಸಾಲಿಗೆ ಸೇರಿಸುವುದು ಅರ್ಧ ದಿನದ ಕೆಲಸ. ತೋಟಗಳಿಗೆ ಹಾಕುವ ಸೌರಫಲಕದ ಸಿಮ್ ಕ್ಯಾಮೆರಾಗಳು ಬ್ಯಾಟರಿ ಉಳಿಸಲು ಸಾಮಾನ್ಯವಾಗಿ ಮಲಗಿದ್ದು, ದೇಹದ ಶಾಖವನ್ನು ಗ್ರಹಿಸಿ ಎಚ್ಚರಗೊಳ್ಳುವಂತಹವು. ಎಚ್ಚರಾಗುವಷ್ಟರಲ್ಲಿ ಬಂದವನು ಹಾದುಹೋಗದಂತೆ ಅವನ್ನು ದಾರಿಗೆ ಅಡ್ಡಲಾಗಿ ಇಡದೆ ದಾರಿಯುದ್ದಕ್ಕೆ ನೋಡುವಂತೆ ಇಡಬೇಕು, ಮಲೆನಾಡಿನ ಆಷಾಢದಲ್ಲಿ ವಾರಗಟ್ಟಲೆ ಬಿಸಿಲಿಲ್ಲದಾಗ ಅವನ್ನು ನೆಚ್ಚಲೂಬಾರದು.

ಭಾರತದಲ್ಲಿ ಮಾರಾಟವಾಗುವ ಸಿಸಿ ಕ್ಯಾಮೆರಾಗಳು ಸುರಕ್ಷತೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ನಿಯಮ 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಎಸ್‌ಟಿಕ್ಯೂಸಿ ಹೆಸರಿನಲ್ಲಿ ಅಂಗಡಿಗಳಲ್ಲಿ ಕೇಳಿಬರುವುದು ಇದೇ. ಹೊರಗಿನವರು ಕ್ಯಾಮೆರಾದೊಳಗೆ ನುಸುಳದಂತೆ, ದತ್ತಾಂಶ ಬಯಲಾಗದಂತೆ ನೋಡಿಕೊಳ್ಳುವುದು ಅದರ ಉದ್ದೇಶ, ಮಲಗುವ ಕೋಣೆಯ ಬಾಗಿಲನ್ನು ನೋಡುವ ಯಂತ್ರಕ್ಕೆ ಅದು ಅತ್ಯಗತ್ಯ. ಆದರೆ ಅದು ರಾತ್ರಿಯ ಚಿತ್ರದ ಗುಣಕ್ಕೆ ಕೊಟ್ಟ ಪ್ರಮಾಣಪತ್ರವಲ್ಲ. ‘ಸರ್ಕಾರದ ಸರ್ಟಿಫಿಕೇಟ್ ಇದೆ ಸಾರ್’ ಎಂಬ ಮಾತು ಮುಖ ಕಾಣುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಕತ್ತಲಿನಲ್ಲೂ ಕಾಣುವ ಕ್ಯಾಮೆರಾ ಪಕ್ಕದ ಮನೆಯ ಕಿಟಕಿಯನ್ನೂ ಕಾಣುತ್ತದೆ ಎಂಬುದು ಕೊಳ್ಳುವವರು ಯೋಚಿಸಲೇಬೇಕಾದ ವಿಷಯ. ಒಂದೇ ವಾಸದ ಮನೆಯಲ್ಲಿ ಜೊತೆಗಿರುವವರ ಒಪ್ಪಿಗೆಯಿಲ್ಲದೆ ಕ್ಯಾಮೆರಾ ನಡೆಸುವಂತಿಲ್ಲ ಎಂದು ಕಲ್ಕತ್ತ ಹೈಕೋರ್ಟ್ ನೀಡಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 2025ರಲ್ಲಿ ಮಧ್ಯಪ್ರವೇಶಿಸಲಿಲ್ಲ. ಬಹುತೇಕ ಕ್ಯಾಮೆರಾಗಳಲ್ಲಿ ದೃಶ್ಯದ ಆಯ್ದ ಭಾಗವನ್ನು ಮುಚ್ಚುವ ಸೌಲಭ್ಯ ಇರುತ್ತದೆ, ನೆರೆಯವರ ಕಿಟಕಿ, ಬಚ್ಚಲಿನ ಬಾಗಿಲು, ಮಹಡಿಯ ಬಟ್ಟೆ ಒಣಹಾಕುವ ಜಾಗ ಇವನ್ನು ಮುಚ್ಚಿ ಅದನ್ನು ಅವರಿಗೂ ತೋರಿಸಿದರೆ ಜಗಳಕ್ಕೆ ಎಡೆಯಿರುವುದಿಲ್ಲ. ಎದುರು ಮನೆಯ ಮಗು ಮಲಗುವ ಕೋಣೆಗೆ ಬಿಳಿ ದೀಪ ಹೊಡೆಯದಂತೆಯೂ ನೋಡಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದ ಮೇಲೂ ದಾಖಲೆ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಅದರ ಮೂಲ ಉಳಿದಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತ ತುಸು ಬದಲಾದರೂ ತಾನೂ ಬದಲಾಗುವ ಗುರುತಿನ ಸಂಖ್ಯೆಯನ್ನೂ, ನಮೂದಿಸಬೇಕು. ಟಿವಿ ಪರದೆಯ ಮುಂದೆ ಮೊಬೈಲ್ ಹಿಡಿದು ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ದೃಶ್ಯ ರಾತ್ರಿಯ ಮಸುಕನ್ನು ಇಮ್ಮಡಿಗೊಳಿಸುತ್ತದೆ. ರೆಕಾರ್ಡರಿನಿಂದಲೇ ಮೂಲ ಕಡತವನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು, ರೆಕಾರ್ಡರಿನ ಡಿಸ್ಕು ತುಂಬಿ ಹಳೆಯದು ಅಳಿಸಿಹೋಗುವ ಮೊದಲೇ. ಗಡಿಯಾರ ಸರಿಯಾಗಿದೆಯೇ ಎಂದೂ ಆಗಾಗ ನೋಡಬೇಕು. ನಮ್ಮ ನಾಲ್ಕು ಕ್ಯಾಮೆರಾಗಳಲ್ಲಿ ಎರಡರ ಸಮಯ ಹನ್ನೊಂದು ನಿಮಿಷ ಹಿಂದಿತ್ತು, ಕಳ್ಳ ಯಾವ ಕಡೆಯಿಂದ ಬಂದನೆಂದು ಜೋಡಿಸಲು ಅದರಿಂದಲೇ ಗೊಂದಲವಾಯಿತು.

ಆ ಘಟನೆಯ ನಂತರ ನಾವು ಯಾರೂ ಹೊಸ ಕ್ಯಾಮೆರಾ ಕೊಳ್ಳಲು ಓಡಲಿಲ್ಲ. ಅಮಾವಾಸ್ಯೆಯ ರಾತ್ರಿ ಹನ್ನೆರಡರ ಮೇಲೆ ಒಬ್ಬೊಬ್ಬರ ಗೇಟಿನ ಮುಂದೆಯೂ ನಮ್ಮವರೇ ಒಬ್ಬರು ಸಾಧಾರಣ ವೇಗದಲ್ಲಿ ನಡೆದು, ಬೈಕೊಂದನ್ನು ತಂದು ನಿಲ್ಲಿಸಿ, ಟೋಪಿ ಹಾಕಿಕೊಂಡು ಮತ್ತೊಮ್ಮೆ ನಡೆದು ಹೋದರು. ಬೆಳಿಗ್ಗೆ ದಾಖಲೆಗಳನ್ನು ಇಳಿಸಿ, ಆ ಮುಖ ಅವರದೇ ಎಂದು ಮೊದಲೇ ಗೊತ್ತಿಲ್ಲದಿದ್ದರೆ ಹೇಳಬಲ್ಲೆವೇ ಎಂದು ನೋಡಿದೆವು. ಮೂರು ಮನೆಗಳಲ್ಲಿ ಷಟರ್ ಬದಲಿಸಿ, ಕ್ಯಾಮೆರಾವನ್ನು ಸಜ್ಜೆಯಿಂದ ಕೆಳಗಿಳಿಸಿ, ಗೇಟಿಗೊಂದು ಬಲ್ಬು ಹಾಕಿ, ತಿಂಗಳಿಗೊಮ್ಮೆ ಗಾಜು ಒರೆಸಿ ಬಲೆ ತೆಗೆಯುವ ರೂಢಿ ಮಾಡಿಕೊಂಡದ್ದೇ ಸಾಕಾಯಿತು. ನಾಲ್ಕನೆಯ ಮನೆಯವರು ಮಾತ್ರ ತಮ್ಮ 2.8 ಮಿಲಿಮೀಟರಿನ ಕ್ಯಾಮೆರಾವನ್ನು ಹಿತ್ತಲಿಗೆ ಸಾಗಿಸಿ, ಗೇಟಿಗೆ 6 ಮಿಲಿಮೀಟರಿನ, ಎರಡು ದೀಪಗಳ, 4 ಮೆಗಾಪಿಕ್ಸೆಲ್‌ನದೊಂದನ್ನು ತಂದರು. ಮುಂದಿನ ಅಮಾವಾಸ್ಯೆಯ ದಾಖಲೆಯಲ್ಲಿ ನಾಲ್ಕೂ ಕಡೆ ಮುಖ ಕಂಡಿತು. ಬೈಕಿನ ಫಲಕ ಇನ್ನೂ ಬಿಳಿಯಾಗಿಯೇ ಇತ್ತು. ಬೀದಿಯ ತಿರುವಿನಲ್ಲಿ ಅದಕ್ಕೆಂದೇ ಒಂದು ಬೇರೆ ಕ್ಯಾಮೆರಾ ಹಾಕಲು ಈಗ ನಾಲ್ಕು ಮನೆಯವರೂ ಸೇರಿ ಹಣ ಕೂಡಿಸುತ್ತಿದ್ದೇವೆ.